ಕಾದಂಬರಿ ಒಪ್ಪಿಸಿದ ಹುಡುಗಿ



ಕಳೆದ ಏಪ್ರಿಲ್ ತಿಂಗಳ ಒಂದು ಮುಂಜಾನೆ, ಹಾಲಿನವನಿನ್ನೂ ಬಾರದ ಹೊತ್ತಿನಲ್ಲಿ, ದೂರವಾಣಿ ಮೊಳಗಿತು. ನನ್ನ ವಯಸ್ಸಿನವರಿಗೆ ಅವೇಳೆಯ ಕರೆಯೆಂದರೆ ಯಾರೋ ತೀರಿಕೊಂಡ ಸುದ್ದಿಯೆಂದೇ ಅರ್ಥ. ಅಂಜುತ್ತಲೇ ಕೈಗೆತ್ತಿಕೊಂಡೆ. "ಸಾರ್, ಒಪ್ಪಿಸಿಬಿಟ್ಟೆ" ಎಂದಿತು ಆ ಕಡೆಯ ಹೆಣ್ಣುದನಿ. ಮರುಕ್ಷಣವೇ ಅಳು. ಅಮೆರಿಕದ ಮಧ್ಯಭಾಗದ ಒಂದು ಊರಿನಲ್ಲಿ ಆಗ ಹಿಂದಿನ ದಿನದ ಸಂಜೆ ಏಳು ಗಂಟೆ. ನಮ್ಮ ಶಾಲೆಯಲ್ಲಿ 2003ರಲ್ಲಿ ಒಂಬತ್ತನೆಯ ತರಗತಿ ಓದಿದ ಹುಡುಗಿ ತನ್ನ ಪ್ರೌಢಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ, ಕೊಠಡಿಗೆ ಮರಳಿ, ತಾಯಿಗೂ ಮೊದಲು ನನಗೆ ಫೋನು ಮಾಡಿದ್ದಳು. ಹೆಸರು ಬರೆಯಕೂಡದೆಂದು ಆಣೆ ಹಾಕಿಸಿದ್ದಾಳೆ. ಆ ತಂಡದವರು ಯಾರಾದರೂ ಊಹಿಸಿಕೊಂಡರೆ ದಯವಿಟ್ಟು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಿ.

ಅವಳು ಸಲ್ಲಿಸಿದ್ದು ರಸಾಯನಶಾಸ್ತ್ರದ ಪ್ರಬಂಧವಲ್ಲ, ಕಂಪ್ಯೂಟರಿನದೂ ಅಲ್ಲ. ಒಂದು ಕಾದಂಬರಿ! ಬೆಂಗಳೂರಿನಲ್ಲಿ ಹತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ ಮೇಲೆ ಅದನ್ನು ಬಿಟ್ಟು, ಸೃಜನಶೀಲ ಬರವಣಿಗೆಯಲ್ಲಿ ಎಂ.ಎಫ್.ಎ. ಎಂಬ ಪದವಿಗಾಗಿ ಮೂರು ವರ್ಷದ ಹಿಂದೆ ಅಲ್ಲಿಗೆ ಹೋದಳು. ಮಾಸ್ಟರ್ ಆಫ್ ಫೈನ್ ಆರ್ಟ್ಸ್ ಎಂದು ಅದರ ವಿಸ್ತಾರ. ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷದ ವ್ಯಾಸಂಗ. ಕೊನೆಗೆ ಒಂದು ಕಾದಂಬರಿಯನ್ನೋ ಕಥಾಸಂಕಲನವನ್ನೋ ಕವನಸಂಕಲನವನ್ನೋ ಪ್ರಬಂಧವೆಂದು ಒಪ್ಪಿಸಿ, ಅಧ್ಯಾಪಕರ ಸಮಿತಿಯೊಂದರ ಮುಂದೆ ಕುಳಿತು ಅದನ್ನು ಸಮರ್ಥಿಸಿಕೊಳ್ಳಬೇಕು. ಹೊರಡುವ ಮುನ್ನ ಆಶೀರ್ವಾದ ಬೇಡಲು ಬಂದಾಗ ನಾನು ಆಡಿದ ಮಾತು ನೆನೆದರೆ ಈಗ ನಾಚಿಕೆಯಾಗುತ್ತದೆ. "ಕಾದಂಬರಿ ಬರೆಯುವುದಕ್ಕೆ ಪದವಿ ಯಾಕಮ್ಮಾ? ನಮ್ಮ ನಾರಣಪ್ಪ ಯಾವ ಕಾಲೇಜಿಗೆ ಹೋಗಿದ್ದ?" ಎಂದಿದ್ದೆ. ಅವಳು ನಕ್ಕು, ಕಾಫಿ ಕುಡಿದು, ಕಾಲಿಗೆ ನಮಸ್ಕರಿಸಿ ಹೊರಟುಹೋದಳು.

ಆ ಮಾತು ನನ್ನೊಬ್ಬನದೇ ಅಲ್ಲ. ಕನ್ನಡಿಗರ ಮನಸ್ಸಿನ ಆಳದಲ್ಲಿ ಕುಳಿತಿರುವ ಚಿತ್ರವದು. ಗದುಗಿನ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ, ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಕುಮಾರವ್ಯಾಸನು ಕಾವ್ಯ ರಚಿಸುತ್ತಿದ್ದನೆಂಬ ಐತಿಹ್ಯವನ್ನು ನಾನೇ ತರಗತಿಯಲ್ಲಿ ಎಷ್ಟು ಬಾರಿ ವರ್ಣಿಸಿಲ್ಲ! ಹಲಗೆ ಬಳಪಗಳನ್ನು ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ ಎಂಬುದು ಆ ಕವಿಯೇ ಹೇಳಿಕೊಂಡ ಹೆಮ್ಮೆ. ಕುಮಾರವ್ಯಾಸನಿಗೆ ಅದು ಸಲ್ಲುತ್ತದೆ. ಆದರೆ ಅಳಿಸದೆ ಬರೆಯುವುದೇ ಕವಿಯ ಲಕ್ಷಣವೆಂದು ನಾವು ನಂಬಿದೆವಲ್ಲ, ಅಲ್ಲಿ ಎಡವಿದೆವೆಂದು ಈಗ ತೋರುತ್ತದೆ. ಕಾವ್ಯಪ್ರಕಾಶದಲ್ಲಿ ಮಮ್ಮಟನು ಕಾವ್ಯಕ್ಕೆ ಕಾರಣವನ್ನು ಹೇಳುವಾಗ ಹುಟ್ಟಿನಿಂದ ಬಂದ ಶಕ್ತಿಯೊಂದನ್ನೇ ಹೇಳುವುದಿಲ್ಲ. ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ಕಂಡು ಪಡೆದ ನಿಪುಣತೆ, ಕಾವ್ಯ ಬಲ್ಲವರಿಂದ ಶಿಕ್ಷಣ ಪಡೆದು ಮಾಡಿದ ಅಭ್ಯಾಸ, ಇವೂ ಕೂಡಬೇಕೆನ್ನುತ್ತಾನೆ. ಬಲ್ಲವರಿಂದ ಶಿಕ್ಷಣ! ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಭಾಗದ ಅರ್ಥ ನನಗೆ ಆಗಲು ಅಮೆರಿಕದ ಫೋನು ಬರಬೇಕಾಯಿತು.

ಅಮೆರಿಕದಲ್ಲಿಯೂ ಇದು ಸುಲಭವಾಗಿ ಬಂದದ್ದಲ್ಲ. ಅಯೋವಾ ವಿಶ್ವವಿದ್ಯಾಲಯವು 1922ರಲ್ಲಿ, ಮನಶ್ಶಾಸ್ತ್ರಜ್ಞರಾಗಿದ್ದ ಕಾರ್ಲ್ ಸೀಶೋರ್ ಎಂಬ ಡೀನರ ಕಾಲದಲ್ಲಿ, ಉನ್ನತ ಪದವಿಗಳಿಗೆ ಸೃಜನಶೀಲ ಕೃತಿಗಳನ್ನೂ ಪ್ರಬಂಧವೆಂದು ಸ್ವೀಕರಿಸುವುದಾಗಿ ಸಾರಿತು. ಪಾಲ್ ಎಂಗಲ್ ಎಂಬ ತರುಣ ಅಲ್ಲಿ ಪ್ರಬಂಧವೆಂದು ಒಪ್ಪಿಸಿದ ಕವಿತೆಗಳು 1932ರಲ್ಲಿ ಪುಸ್ತಕವಾಗಿಯೂ ಹೊರಬಂದವು. 1936ರಲ್ಲಿ ಅಲ್ಲಿಯ ರೈಟರ್ಸ್ ವರ್ಕ್‌ಶಾಪ್ ಆರಂಭವಾಯಿತು. ಅದೇ ಎಂಗಲ್ ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು.

ಇದರೊಡನೆ ನಮ್ಮವರ ಪಾಡನ್ನು ನೆನೆಯಿರಿ. ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ.ಗೆಂದು ಓದುತ್ತಿದ್ದಾಗ ಅಲ್ಲಿ ಅಧ್ಯಾಪಕರಾಗಿದ್ದ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದರು. ಆ ಚಿತ್ರವೂ ಬಳಿಕ ನಡೆದ ಮಾತುಕತೆಯೂ 'ಸಂಸ್ಕಾರ'ಕ್ಕೆ ಕಿಡಿಯಾದವೆಂದು ಅವರೇ ಹೇಳಿಕೊಂಡಿದ್ದಾರೆ. 1965ರಲ್ಲಿ 'ಸಂಸ್ಕಾರ' ಬಂತು, 1966ರಲ್ಲಿ ಪಿಎಚ್.ಡಿ. ಬಂತು. ಆದರೆ ಪದವಿ ಬಂದದ್ದು 1930ರ ದಶಕದ ರಾಜಕೀಯ ಮತ್ತು ಕಥಾಸಾಹಿತ್ಯವನ್ನು ಕುರಿತ ಪ್ರಬಂಧಕ್ಕೆ, ಕಾದಂಬರಿಗಲ್ಲ. ಅದೇ 1965ರಲ್ಲಿ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' ಪ್ರಕಟವಾಯಿತು. ಅವರಿಗೂ ಡಾಕ್ಟರೇಟ್ ದೊರೆತದ್ದು 'ಸತ್ಯ ಮತ್ತು ಸೌಂದರ್ಯ' ಎಂಬ ತತ್ತ್ವಶಾಸ್ತ್ರದ ಪ್ರಬಂಧಕ್ಕೆ. ಇಂದು ಕನ್ನಡದ ಮನೆಮನೆಗಳಲ್ಲಿ ಓದುವುದು ಯಾವುದನ್ನು? ಶಕ್ತಿವಂತರಾದ ಆ ಇಬ್ಬರು ಒಂದು ಹೆಗಲಿನ ಮೇಲೆ ಎರಡು ಮೂಟೆ ಹೊತ್ತರು. ಹೊರಲಾರದೆ ಒಂದನ್ನು ದಾರಿಯಲ್ಲಿಯೇ ಇಳಿಸಿದವರ ಲೆಕ್ಕವನ್ನು ಯಾರಿಟ್ಟಿದ್ದಾರೆ? ಬ್ರಾಡ್‌ಬರಿಯವರು 1970ರಲ್ಲಿ ಆಂಗಸ್ ವಿಲ್ಸನ್ನರ ಜೊತೆ ಸೇರಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ತೆರೆದರು. ಮುಂದೆ ನೊಬೆಲ್ ಪಡೆದ ಕಜುವೊ ಇಷಿಗುರೊ 1980ರಲ್ಲಿ ಅಲ್ಲಿಂದಲೇ ಪದವಿ ಪಡೆದರು.

ನಮ್ಮ ಹುಡುಗಿಯ ಕಥೆಗೆ ಮರಳುತ್ತೇನೆ. ಶುಲ್ಕವಿಲ್ಲ, ತಿಂಗಳಿಗೆ ಬದುಕುವಷ್ಟು ಭತ್ಯೆ ಉಂಟು. ಬದಲಿಗೆ ಮೊದಲ ವರ್ಷದ ಅಮೆರಿಕನ್ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಬೇಕು. "ಈಗ ನಾನೂ ಕೆಂಪು ಪೆನ್ನು ಹಿಡಿದಿದ್ದೇನೆ ಸಾರ್, ನಿಮ್ಮ ಕಷ್ಟ ಗೊತ್ತಾಯ್ತು" ಎಂದು ಮೊದಲ ವರ್ಷ ಬರೆದಿದ್ದಳು. ಎರಡನೆಯ ವರ್ಷ ಕಾದಂಬರಿಯ ನೂರು ಪುಟಗಳನ್ನು ಕಿತ್ತುಹಾಕಿದಳು. ಮೂರನೆಯ ವರ್ಷದ ಫೆಬ್ರವರಿಯಲ್ಲಿ, ಸಲ್ಲಿಕೆಗೆ ಎಂಟು ವಾರ ಉಳಿದಿದ್ದಾಗ, ಮಾರ್ಗದರ್ಶಕಿಯು ಕೊನೆಯ ಅಧ್ಯಾಯ ಸುಳ್ಳಾಗಿದೆ ಎಂದರಂತೆ. ಚೆನ್ನಾಗಿಲ್ಲ ಎಂದಲ್ಲ, ಸುಳ್ಳಾಗಿದೆ ಎಂದು. ಎರಡು ದಿನ ಊಟ ಮಾಡಲಿಲ್ಲವಂತೆ ಇವಳು. ಮೂರನೆಯ ದಿನ ಆ ಅಧ್ಯಾಯವನ್ನು ಬಿಟ್ಟುಕೊಟ್ಟು ಹೊಸದಾಗಿ ಶುರುಮಾಡಿದಳು. ಅಂಥ ಒಂದು ಮಾತನ್ನು ನನ್ನ ಬರಹದ ಬಗ್ಗೆ ಯಾರೂ ಹೇಳಲಿಲ್ಲ. ಓದಲು ಕೊಟ್ಟಿದ್ದರಲ್ಲವೇ ಹೇಳುವುದು!

ಬರೆದು ಮುಗಿದ ಮೇಲೆ ಕಚೇರಿಯ ಕಾಟ. ಪ್ರಬಂಧಗಳ ರೂಪವನ್ನು ಪರಿಶೀಲಿಸುವುದಕ್ಕೆಂದೇ ಅಲ್ಲೊಂದು ವಿಭಾಗವಿದೆಯಂತೆ. ಎಡಗಡೆ ಒಂದೂವರೆ ಅಂಗುಲ ಅಂಚು ಬಿಟ್ಟಿಲ್ಲವೆಂದು ಒಮ್ಮೆ ಹಿಂದಕ್ಕೆ ಬಂತು. ಹೊಲಿದು ರಟ್ಟು ಹಾಕುವ ಕಾಲದ ನಿಯಮವದು. ಈಗ ಕಾಗದವೇ ಇಲ್ಲ, ಎಲ್ಲವೂ ಕಂಪ್ಯೂಟರಿನಲ್ಲಿಯೇ ಸಲ್ಲಿಕೆ. ಅಂಚು ಮಾತ್ರ ಉಳಿದಿದೆ. ಅಜ್ಜಿಯೊಬ್ಬಳು ಮಾತು ಮರೆತು ಸುಮ್ಮನಾಗುವ ಕಡೆ ಇವಳು ಅರ್ಧ ಪುಟ ಖಾಲಿ ಬಿಟ್ಟಿದ್ದಳು. ಖಾಲಿ ಜಾಗಕ್ಕೆ ಅನುಮತಿಯಿಲ್ಲವೆಂದು ಮತ್ತೊಮ್ಮೆ ಬಂತು. ಅದಕ್ಕೆ ಮಾರ್ಗದರ್ಶಕಿಯೇ ಪತ್ರ ಬರೆದು ಅಜ್ಜಿಯ ಮೌನಕ್ಕೆ ಮಂಜೂರಾತಿ ಪಡೆಯಬೇಕಾಯಿತು! ಕಾದಂಬರಿಗೆ ಸಾರಾಂಶ ಬರೆಯಿರಿ ಎಂದರು. ಇವಳು ನಾಲ್ಕು ದಿನ ಒದ್ದಾಡಿ ಆರು ಸಾಲು ಬರೆದಳು. ಮುಖಪುಟದಲ್ಲಿ ಕೃತಿಯ ಹೆಸರಿನ ಕೆಳಗೆ, ಪದವಿಯ ಅಗತ್ಯಗಳ ಭಾಗಶಃ ಪೂರೈಕೆಗಾಗಿ ಎಂಬ ಒಕ್ಕಣೆ ಕಡ್ಡಾಯ. ಮೂರು ವರ್ಷದ ನಿದ್ದೆ, ತಾಯ್ನೆಲದ ನೆನಪು, ಸತ್ತವರ ದನಿ, ಎಲ್ಲವೂ ಸೇರಿ ಭಾಗಶಃ ಪೂರೈಕೆ. ನಕ್ಕೆವು ಇಬ್ಬರೂ.

ಆದರೆ ಆ ಬೆಳಿಗ್ಗೆ ಫೋನಿಟ್ಟ ಮೇಲೆ ಅವಳ ಮೊದಲ ಮಾತು ಕಿವಿಯಲ್ಲಿಯೇ ಉಳಿಯಿತು. "ಒಪ್ಪಿಸಿಬಿಟ್ಟೆ." ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು ಎಂದು ನಾವು ಮಾಸ್ತರರು ಜೀವಮಾನವಿಡೀ ಗದರಿಸಿದ ಮಾತು. ಒಪ್ಪ ಎಂದರೆ ಹೊಳಪು, ಒಪ್ಪಿಗೆ ಎಂದರೆ ಸಮ್ಮತಿ, ಒಪ್ಪಿಸುವುದೆಂದರೆ ಇನ್ನೊಬ್ಬರ ಕೈಗೆ ಕೊಟ್ಟುಬಿಡುವುದು. ಪಾಠ ಒಪ್ಪಿಸುವ ಹುಡುಗನ ಕಾಲು ನಡುಗುವುದು ಅದು ಬಾರದೆ ಅಲ್ಲ, ಇನ್ನು ತಿದ್ದಿಕೊಳ್ಳಲು ಎಡೆಯಿಲ್ಲವಲ್ಲ ಎಂದು.

ಹೇಳಿಕೊಳ್ಳಲು ಸಂಕೋಚ. ನನ್ನ ಹತ್ತಿರವೂ ಒಂದು ಕಾದಂಬರಿಯಿದೆ. 1979ರಲ್ಲಿ ಆರಂಭಿಸಿದ್ದು. ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಹನ್ನೊಂದು ನೋಟುಪುಸ್ತಕಗಳು. ಮೊದಲ ಅಧ್ಯಾಯವನ್ನೇ ಹದಿನಾಲ್ಕು ಸಲ ಬರೆದಿದ್ದೇನೆ. ವರ್ಗಾವಣೆ, ಮೌಲ್ಯಮಾಪನ, ಜನಗಣತಿ, ಮಕ್ಕಳ ಮದುವೆ ಎಂದು ನೆಪ ಹೇಳುತ್ತಾ ಬಂದೆ. ನಿವೃತ್ತನಾಗಿ ಹದಿನೈದು ವರ್ಷಕ್ಕೂ ಮೇಲಾಯಿತು, ಈಗ ಯಾವ ವರ್ಗಾವಣೆ? ಕೃತಿ ಪಕ್ವವಾಗಲಿ, ಸೃಷ್ಟಿಗೆ ತಾರೀಖು ಹಾಕಲಾಗದು ಎಂದು ದೊಡ್ಡ ಮಾತು ಆಡುತ್ತಿದ್ದೆ. ನನಗಿಲ್ಲದೆ ಹೋದದ್ದು ಪ್ರತಿಭೆಯೋ ಅಲ್ಲವೋ ಅರಿಯೆ. ಇಂಥ ದಿನ ಸಂಜೆ ಐದರೊಳಗೆ ಕೊಡು ಎನ್ನುವ ಒಂದು ಬಾಗಿಲು ಇರಲಿಲ್ಲವೆಂಬುದು ಮಾತ್ರ ಖಂಡಿತ. ಆದಿಪುರಾಣ ಮೂರು ತಿಂಗಳಲ್ಲಿ, ಭಾರತ ಆರು ತಿಂಗಳಲ್ಲಿ ಮುಗಿಯಿತೆಂದು ಪಂಪನೇ ದಾಖಲಿಸಿದ್ದಾನಲ್ಲ, ಅವನ ಭಾರತಕ್ಕಾದರೂ ಎದುರಿನಲ್ಲಿ ಅರಿಕೇಸರಿಯಂಥ ಒಡೆಯನೊಬ್ಬ ಕಾದು ಕುಳಿತಿದ್ದ.

ಒಪ್ಪಿಸಿದರೆ ಮುಗಿದೇಹೋಯಿತೆಂಬ ಭಯವೂ ಹುರುಳಿಲ್ಲದ್ದು. ಫ್ಲ್ಯಾನರಿ ಓಕಾನರ್ ಎಂಬ ಕಥೆಗಾರ್ತಿ 1947ರಲ್ಲಿ ಅಯೋವಾದಲ್ಲಿ ಆರು ಕಥೆಗಳನ್ನು ಪ್ರಬಂಧವಾಗಿ ಒಪ್ಪಿಸಿದಳು. ಅವುಗಳಲ್ಲಿ 'ದಿ ಜೆರೇನಿಯಂ' ಎಂಬುದು ತನ್ನ ದಕ್ಷಿಣದ ಊರನ್ನು ಬಿಟ್ಟು ನ್ಯೂಯಾರ್ಕಿನ ಮಗಳ ಮನೆಯಲ್ಲಿ ಬಂದು ನೆಲೆಸಿದ ಮುದುಕನ ಕಥೆ. ಪದವಿ ಬಂತು, ಅವಳು ಪ್ರಸಿದ್ಧಳೂ ಆದಳು. ಆದರೂ ಆ ಕಥೆಯನ್ನು ಬಿಡಲಿಲ್ಲ. ಲೂಪಸ್ ಎಂಬ ಕಾಯಿಲೆಯಿಂದ 39ನೆಯ ವಯಸ್ಸಿನಲ್ಲಿ, 1964ರಲ್ಲಿ, ತೀರಿಕೊಳ್ಳುವ ಮುನ್ನ ಅದನ್ನೇ ಮತ್ತೆ ಕೈಗೆತ್ತಿಕೊಂಡು 'ಜಡ್ಜ್‌ಮೆಂಟ್ ಡೇ' ಎಂಬ ಬೇರೆಯೇ ಎತ್ತರದ ಕಥೆಯನ್ನಾಗಿಸಿದಳು. ಇಪ್ಪತ್ತೆರಡರ ಹರೆಯದಲ್ಲಿ ಅದನ್ನು ಒಪ್ಪಿಸದೆ ಟ್ರಂಕಿನಲ್ಲಿಟ್ಟಿದ್ದರೆ ಕೊನೆಯ ದಿನಗಳಲ್ಲಿ ತಿದ್ದಲು ಅವಳಿಗೇನು ಸಿಗುತ್ತಿತ್ತು?

ಮೌಖಿಕ ಪರೀಕ್ಷೆಯ ವಿಚಾರ. ಕಲ್ಪನೆಗೆ ಅಂಕ ಕೊಡಬಹುದೇ ಎಂಬ ಆಕ್ಷೇಪ ನಿಮ್ಮಲ್ಲಿ ಹಲವರಿಗೆ ಬಂದೀತು, ನನಗೂ ಬಂದಿತ್ತು. ಅದಕ್ಕೆ ನನ್ನದೇ ಒಂದು ಅಪರಾಧವನ್ನು ಹೇಳಬೇಕು. ಅಂದು ಒಂಬತ್ತನೆಯ ತರಗತಿಗೆ 'ನಾನು ಕಂಡ ಜಾತ್ರೆ' ಎಂದು ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ತೇರು, ಬೆಂಡು ಬತ್ತಾಸು, ತೊಟ್ಟಿಲು ಎಂದು ಬರೆದರು. ಇವಳು ಜಾತ್ರೆಗೆ ಹೋಗಲಾಗದೆ ಮನೆಯಲ್ಲಿ ಉಳಿದು, ಕರು ಹಾಕಲಾರದೆ ಒದ್ದಾಡುತ್ತಿದ್ದ ಎಮ್ಮೆಯ ಪಕ್ಕ ಅಮ್ಮನೊಡನೆ ರಾತ್ರಿಯಿಡೀ ಕುಳಿತದ್ದನ್ನು ಬರೆದಿದ್ದಳು. ದೂರದಿಂದ ವಾದ್ಯ ಕೇಳಿಸುತ್ತಿತ್ತು ಎಂಬುದಷ್ಟೇ ಜಾತ್ರೆಯ ಪ್ರಸ್ತಾಪ. 'ವಿಷಯಾಂತರ' ಎಂದು ಕೆಂಪು ಶಾಯಿಯಲ್ಲಿ ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಆ ರಾತ್ರಿಯೇ ಈಗ ಕಾದಂಬರಿಯ ಮೂರನೆಯ ಅಧ್ಯಾಯವಂತೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಅದನ್ನೇ ತೆಗೆದು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರಂತೆ. ಅಮ್ಮ ಆಡುವ ಕನ್ನಡದ ಮಾತುಗಳನ್ನು ಅರ್ಥ ಕೊಡದೆ ಹಾಗೆಯೇ ಉಳಿಸಿರುವುದೇಕೆ, ಎಮ್ಮೆಯ ಸಾವನ್ನು ಹೇಳದೆ ಬಿಟ್ಟದ್ದೇಕೆ ಎಂದು. ಅಂಕ ಕೊಡಲಿಲ್ಲ, ನಾಲ್ಕು ಜನ ದೊಡ್ಡವರು ಅವಳು ಬರೆದದ್ದನ್ನು ಪೂರ್ತಿ ಓದಿಕೊಂಡು ಬಂದು ಯಾಕೆ ಎಂದು ಕೇಳಿದರು, ಅಷ್ಟೆ. ನಾನು 34 ವರ್ಷ ಪ್ರಬಂಧಗಳನ್ನು ತಿದ್ದಿದೆ, ಯಾಕೆ ಎಂದು ಎಷ್ಟು ಮಕ್ಕಳನ್ನು ಕೇಳಿದೆ? ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ನಾನು ಹಾಗೆ 'ವಿಷಯಾಂತರ' ಎಂದು ಬರೆದಿದ್ದರೆ ಕ್ಷಮಿಸಬೇಕು.

ಕೊನೆಗೆ ಒಂದು ಸಂದಿಗ್ಧ ಎದುರಾಯಿತು. ಸಲ್ಲಿಸುವಾಗ ಅರ್ಜಿಯಲ್ಲೊಂದು ಚೌಕವಿರುತ್ತದೆ: ಕೃತಿಯನ್ನು ಕೂಡಲೇ ಎಲ್ಲರೂ ಓದುವಂತೆ ಅಂತರ್ಜಾಲದಲ್ಲಿ ತೆರೆದಿಡಬಹುದೇ, ಇಲ್ಲವೇ ಕೆಲಕಾಲ ಮುಚ್ಚಿಡಬೇಕೇ? ಹೀಗೆ ಮುಚ್ಚಿಡುವುದನ್ನು ಅವರು ಎಂಬಾರ್ಗೋ ಎನ್ನುತ್ತಾರೆ. ವಿಜ್ಞಾನದ ಪ್ರಬಂಧಕ್ಕೆ ತೆರೆದಿಡುವುದೇ ಧರ್ಮ. ಕಾದಂಬರಿಯ ಗತಿ ಬೇರೆ. ಪುಕ್ಕಟೆಯಾಗಿ ಸಿಗುವ ಪುಸ್ತಕವನ್ನು ಯಾವ ಪ್ರಕಾಶಕನು ಹಣ ಕೊಟ್ಟು ಕೊಳ್ಳುತ್ತಾನೆ ಎಂಬ ಭಯ ಲೇಖಕರದು. 2008ರ ಮಾರ್ಚಿನಲ್ಲಿ ಅಯೋವಾದಲ್ಲಿಯೇ ಇದು ದೊಡ್ಡ ಗಲಾಟೆಯಾಯಿತು. ಪ್ರಬಂಧಗಳೆಲ್ಲ ಅಂತರ್ಜಾಲದಲ್ಲಿ ಮುಕ್ತವಾಗಿ ದೊರೆಯುವವೆಂಬ ಅರ್ಥ ಬರುವ ಹೊಸ ನಿಯಮ ಕಂಡು ಬರವಣಿಗೆಯ ವಿದ್ಯಾರ್ಥಿಗಳು ಸಿಡಿದೆದ್ದರು, ವಿಶ್ವವಿದ್ಯಾಲಯ ಹಿಂದೆ ಸರಿಯಿತು.

ನಮ್ಮ ಹುಡುಗಿಯ ಚಿಂತೆ ಪ್ರಕಾಶಕರದಷ್ಟೇ ಆಗಿರಲಿಲ್ಲ. ಕಾದಂಬರಿಯಲ್ಲಿ ಅವಳ ತಾಯಿಯಿದ್ದಾರೆ. ಬೇರೆ ಹೆಸರಿನಲ್ಲಿದ್ದರೂ ಊರವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಆ ತಾಯಿ ಜೀವನದಲ್ಲಿ ಯಾರಿಗೂ ಹೇಳದೆ ನುಂಗಿಕೊಂಡ ಒಂದು ಸಂಗತಿಯೂ ಇದೆ. ಅದೇನೆಂದು ನಾನು ಬರೆಯುವುದಿಲ್ಲ. ಈಗ ಹಟ್ಟಿಹಟ್ಟಿಯಲ್ಲಿ ಮೊಬೈಲಿದೆ. ಅಣ್ಣತಮ್ಮಂದಿರ ಮಕ್ಕಳೆಲ್ಲ ಇಂಗ್ಲಿಷ್ ಬಲ್ಲವರು. "ಏನು ಮಾಡಲಿ ಸಾರ್?" ಎಂದು ಕೇಳಿದಳು. "ಅಮ್ಮನಿಗೆ ಹೇಳಿದ್ದೀಯಾ?" ಎಂದೆ. ಇಲ್ಲವೆಂದಳು. "ಮೊದಲು ಊರಿಗೆ ಬಾ. ಅಮ್ಮನ ಪಕ್ಕ ಕೂತು ಆ ಅಧ್ಯಾಯವನ್ನು ಕನ್ನಡದಲ್ಲಿ ಓದಿಹೇಳು. ಅಲ್ಲಿಯವರೆಗೆ ಬಾಗಿಲು ಹಾಕಿಡು" ಎಂದೆ. ಎರಡು ವರ್ಷವೆಂದು ಗುರುತು ಹಾಕಿದಳು. ಒಪ್ಪಿಸುವ ತಾರೀಖನ್ನು ವಿಶ್ವವಿದ್ಯಾಲಯ ಗೊತ್ತುಮಾಡಲಿ, ಅದು ಸರಿ. ಬಾಗಿಲು ತೆರೆಯುವ ತಾರೀಖು ಬರೆದವರ ಕೈಯಲ್ಲಿಯೇ ಇರಬೇಕು. ಜ್ಞಾನ ಎಲ್ಲರದೆಂಬ ವಾದ ನನಗೆ ಗೊತ್ತು, ಗೌರವವೂ ಇದೆ. ಆದರೆ ಒಬ್ಬ ತಾಯಿಯ ಸಂಕಟವನ್ನು ಆ ಲೆಕ್ಕದಲ್ಲಿ ಸೇರಿಸಬಾರದು.

ನನ್ನ ದುಃಖವೊಂದಿದೆ. ಆ ಕಾದಂಬರಿ ಇಂಗ್ಲಿಷಿನಲ್ಲಿದೆ. ನಮ್ಮ ಮಲೆನಾಡಿನ ಅಮ್ಮ, ನಮ್ಮ ಎಮ್ಮೆ, ನಮ್ಮ ತೇರಿನ ವಾದ್ಯ ಇಂಗ್ಲಿಷಿನಲ್ಲಿ ಹುಟ್ಟಬೇಕಾಯಿತು. ಅವಳ ತಪ್ಪೆನ್ನಲಾರೆ. ನಾನು ಅಂಚೆ ಶಿಕ್ಷಣದಲ್ಲಿ ಎಂ.ಎ. ಮಾಡಿದ ಕಾಲದಲ್ಲಿ ಕುವೆಂಪು ಅವರ ಕಾದಂಬರಿಗಳ ಮೇಲೆ ಉತ್ತರ ಬರೆದರೆ ಅಂಕವಿತ್ತು, ಕಾದಂಬರಿ ಬರೆದರೆ ಇರಲಿಲ್ಲ. ಇಂದಾದರೂ ನಮ್ಮ ಕನ್ನಡ ವಿಭಾಗಗಳು ತಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ದಾರಿಯನ್ನು ಅಗಲವಾಗಿ ತೆರೆಯಬೇಕು: ಒಂದು ಕಥಾಸಂಕಲನ, ಒಂದು ನಾಟಕ, ಒಂದು ಕಿರುಕಾದಂಬರಿ, ಅದನ್ನು ಪೂರ್ತಿ ಓದಿ ಯಾಕೆ ಎಂದು ಕೇಳುವ ಮೂವರು, ಮತ್ತು ಒಂದು ಖಚಿತ ತಾರೀಖು. ಹಾಗೆ ಬಂದವುಗಳಲ್ಲಿ ಮುಕ್ಕಾಲು ಪಾಲು ಸಾಧಾರಣವಾಗಿದ್ದಾವು. ಇರಲಿ ಬಿಡಿ, ನಮ್ಮ ಪಿಎಚ್.ಡಿ. ಪ್ರಬಂಧಗಳೆಲ್ಲ ಅಸಾಧಾರಣವೇ? ಕಥೆ ಬರೆದವನು ಕನಿಷ್ಠಪಕ್ಷ ಬೇರೆಯವರ ಪುಟಗಳನ್ನು ನಕಲು ಮಾಡಿ ಅಡಿಟಿಪ್ಪಣಿ ಜೋಡಿಸುವುದಿಲ್ಲ. ಶಿಫಾರಸು, ಜಾತಿ, ಗುಂಪುಗಾರಿಕೆ ಇಲ್ಲಿಯೂ ನುಸುಳುತ್ತವೆ ಎಂದು ನನ್ನ ಮಿತ್ರರೊಬ್ಬರು ಎಚ್ಚರಿಸಿದರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎಲ್ಲಿ ನುಸುಳಿಲ್ಲ ಎಂದಷ್ಟೇ ಕೇಳಿದೆ.

ಮೊನ್ನೆ ಅವಳು ಕಾದಂಬರಿಯ ಪ್ರತಿಯನ್ನು ಕಳುಹಿಸಿದಳು. ಕಣ್ಣಿಗೆ ಪರದೆಯ ಮೇಲಿನ ಓದು ಆಗಿಬರುವುದಿಲ್ಲವಾದ್ದರಿಂದ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ 236 ಪುಟಗಳನ್ನು ಮುದ್ರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. "ಮೊಮ್ಮಗಳ ಪ್ರಾಜೆಕ್ಟಾ ಮೇಷ್ಟ್ರೇ?" ಎಂದ ಅಂಗಡಿಯ ಹುಡುಗ. ಹೌದೆಂದೆ. ಎಡಗಡೆಯ ಒಂದೂವರೆ ಅಂಗುಲದ ಅಂಚು ಸುರುಳಿ ಹಾಕುವುದಕ್ಕೆ ಸರಿಯಾಗಿ ಒದಗಿತು. ಇಂಗ್ಲಿಷ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಪುಟದಂತೆ ಓದುತ್ತಿದ್ದೇನೆ. ಎಮ್ಮೆಯ ಅಧ್ಯಾಯ ನಾಳೆ ಬರುತ್ತದೆ.

ಅದರ ಜೊತೆಗೊಂದು ಆಜ್ಞೆಯೂ ಬಂದಿದೆ: "ನವರಾತ್ರಿಯೊಳಗೆ ನಿಮ್ಮ ಮೊದಲ ಮೂರು ಅಧ್ಯಾಯ ನನಗೆ ಒಪ್ಪಿಸಬೇಕು ಸಾರ್. ಹದಿನೈದನೇ ಸಲ ಬರೆಯೋ ಹಾಗಿಲ್ಲ." ಮಗನನ್ನು ಅಟ್ಟ ಹತ್ತಿಸಿ ಟ್ರಂಕು ಇಳಿಸಿದ್ದಾಯಿತು. ಮೊದಲೆರಡು ನೋಟುಪುಸ್ತಕಗಳಿಗೆ ಹುಳ ಹಿಡಿದಿದೆ. ಮೂರನೆಯದರಿಂದ ಪ್ರತಿ ಮಾಡತೊಡಗಿದ್ದೇನೆ.